ನನ್ನ ದನಿಯಲ್ಲಿ ಹಾರುವ ಡ್ರೋನ್

ಪುರಸಭೆಯ ಸುರಕ್ಷತಾ ವಿಭಾಗದ ಮಾನ್ಯ ಮುಖ್ಯಸ್ಥರೇ,

ನಿಮ್ಮ ಡ್ರೋನ್ ನನ್ನ ಆರ್ತನಾದವನ್ನು ಮೆಚ್ಚುಗೆ ಎಂದು ಬರೆದುಕೊಂಡಿದೆ. ಮೊದಲು ಅದನ್ನು ತಿದ್ದಿ.

ಇಪ್ಪತ್ತೆರಡು ಚಳಿಗಾಲ ಮಿನೋಯಾ ಓಣಿಯ ನಾವು ರಾತ್ರಿ ಒಂಬತ್ತಕ್ಕೆ ಎರಡು ಮರದ ಪಟ್ಟಿಗಳನ್ನು ಟಕ್ ಟಕ್ ಎಂದು ಬಡಿಯುತ್ತಾ, "ಬೆಂಕಿ ಜೋಪಾನ!" ಎಂದು ಕೂಗುತ್ತಾ ಗಸ್ತು ತಿರುಗಿದೆವು. ಕೂಗುವವನು ನಾನೇ. ಒಳಗಿದ್ದವರು ಕಿಟಕಿಯಿಂದ "ಶ್ರಮ ತಗೊಂಡ್ರಿ!" ಅನ್ನುತ್ತಿದ್ದರು. ಉತ್ತರ ಕೊಡದವರ ಬಾಗಿಲು ತಟ್ಟಿ ನೋಡುತ್ತಿದ್ದೆವು. ಬಣ್ಣ ಬಳಿಯುವ ಸೆಂಜಿ ಒಮ್ಮೆ ಹಾಗೆ ಸುಮ್ಮನಿದ್ದ; ಬಾಗಿಲು ಮುರಿದರೆ ಒಳಗೆ ಪ್ರಜ್ಞೆ ತಪ್ಪಿ ಬಿದ್ದಿದ್ದ, ಆಸ್ಪತ್ರೆಗೆ ಹೊತ್ತೆವು. ಈಗಲೂ ಗಟ್ಟಿಯಾಗಿದ್ದಾನೆ, ನನ್ನ ಹತ್ತಿರವೇ ಸಿಗರೇಟು ಕೇಳುತ್ತಾನೆ. ಇಂಥ ಹಿಂದುಳಿದ ವ್ಯವಸ್ಥೆಯನ್ನು ನೀವು ಅಷ್ಟು ಕಾಲ ಸಹಿಸಿದ್ದೇ ದೊಡ್ಡದು!

ಈ ವರ್ಷ ನಮ್ಮ ಪಟ್ಟಿಗಳು ನಿಮ್ಮ ಕಚೇರಿಯ ಗಾಜಿನ ಪೆಟ್ಟಿಗೆ ಸೇರಿದವು. "ರಾತ್ರಿ ಕಾವಲು, ಆಪತ್ತಿಗೆ ನೆರವು" ಎಂಬ ಕರಪತ್ರದೊಂದಿಗೆ ಡ್ರೋನ್ ಬಂತು. ಸಂಪ್ರದಾಯ ಉಳಿಯಲೆಂದು ನನ್ನ ದನಿಯನ್ನೇ ಮುದ್ರಿಸಿ ಅದರೊಳಗೆ ತುಂಬಿದಿರಿ. "ಬೆಂಕಿ ಜೋಪಾನ!" ಅನ್ನುತ್ತದೆ, ಕಿಟಕಿಯಿಂದ ಯಾವ ದನಿ ಕೇಳಿದರೂ "ಸಹಕಾರಕ್ಕೆ ಧನ್ಯವಾದ" ಅನ್ನುತ್ತದೆ. ಎಂಥ ಗೌರವ! ನಾನು ಎರಡೆರಡು ಸಲ ತಲೆಬಾಗಿದ್ದೆ.

ಕಳೆದ ತಿಂಗಳು ಒಂದು ರಾತ್ರಿ ಸ್ನಾನದ ಮನೆಯಲ್ಲಿ ಜಾರಿ ಬಿದ್ದು ಸೊಂಟ ಮುರಿಯಿತು. ಅಷ್ಟರಲ್ಲಿ ಮೇಲಿನಿಂದ ನಾನೇ ಕೂಗಿದೆ: "ಬೆಂಕಿ ಜೋಪಾನ!" ಕೆಳಗಿನಿಂದಲೂ ನಾನೇ ಕೂಗಿದೆ: "ಕಾಪಾಡ್ರಪ್ಪೋ!" ಧನ್ಯವಾದ ಬಂತು. ಅದು ಒಟ್ಟು ಮೂರು ಸುತ್ತು ಹಾಕಿತು, ನಾನು ಮೂರು ಸಲ ಕೂಗಿದೆ, ಮೂರು ಸಲವೂ ವಂದಿಸಿತು. ನಾನು ಇಷ್ಟು ವಿನಯವಂತನೆಂದು ನನಗೇ ಗೊತ್ತಿರಲಿಲ್ಲ.

ಬೆಳಿಗ್ಗೆ ಬಾಗಿಲಲ್ಲಿ ಪತ್ರಿಕೆ ಹಾಗೇ ಬಿದ್ದಿದ್ದನ್ನು ನೋಡಿ ಪಕ್ಕದ ಮೀನಂಗಡಿಯ ಯೋನೆ ಒಳಗೆ ಬಂದಳು.

"ಅಯ್ಯೋ, ರಾತ್ರಿಯೆಲ್ಲಾ ಇಲ್ಲೇ ಬಿದ್ದಿದ್ರಾ? ಒಂದ್ ಕೂಗು ಹಾಕ್ಬಾರ್ದಾ?"

"ಹಾಕ್ದೆ ಕಣೇ, ಗಂಟ್ಲು ಹರಿಯೋ ಹಾಗೆ."

ಅವಳ ಮುಖ ಬಿಳಿಚಿಕೊಂಡಿತು. "ನಿಮ್ ದನಿ ಕೇಳಿಸ್ತು ಕಣ್ರೀ, ಮಾತು ತಿಳೀಲಿಲ್ಲ. ಆ ಹಾಳಾದ್ ಡ್ರೋನ್ ಅಂದ್ಕೊಂಡು ಟೀವಿ ಜೋರು ಮಾಡ್ದೆ."

ಹಾಗೆಂದು ಒದ್ದೆ ನೆಲದ ಮೇಲೆಯೇ ಕೂತು ಅತ್ತಳು. ನನ್ನ ಸೊಂಟಕ್ಕಿಂತ ಅದೇ ನನ್ನನ್ನು ಹೆಚ್ಚು ನೋಯಿಸಿತು.

ನಿಮ್ಮ ವರದಿ ಓದಿದೆ: "ಆ ರಾತ್ರಿ ಮಿನೋಯಾ ಓಣಿಯಲ್ಲಿ ಅಹಿತಕರ ಘಟನೆ ಇಲ್ಲ. ನಾಗರಿಕರ ಉತ್ಸಾಹದ ಪ್ರತಿಕ್ರಿಯೆ: ಮೂರು." ಆ ಮೂರೂ ನಾನೇ ಸ್ವಾಮಿ! ಉತ್ಸಾಹಕ್ಕೂ ನರಳಾಟಕ್ಕೂ ವ್ಯತ್ಯಾಸ ತಿಳಿಯದ್ದು ಯಂತ್ರಕ್ಕೆ ಮಾತ್ರವೋ, ವರದಿಗೆ ಸಹಿ ಹಾಕಿದವರಿಗೂ ಹಾಗೆಯೋ?

ಡ್ರೋನ್ ಬೇಡ ಎನ್ನುವುದಿಲ್ಲ. ನದಿ ದಂಡೆ ಕಾಯಲಿ, ಕಳ್ಳರನ್ನು ಅಟ್ಟಲಿ. ಆದರೆ ಗಾಜಿನ ಪೆಟ್ಟಿಗೆ ತೆರೆದು ಪಟ್ಟಿಗಳನ್ನು ಯೋನೆಯ ಕೈಗೆ ಕೊಡಿ, ಈ ಚಳಿಗಾಲ ಅವಳು ತಿರುಗುತ್ತಾಳೆ. ಮತ್ತು ಆ ಯಂತ್ರದಿಂದ ನನ್ನ ದನಿ ತೆಗೆಯಿರಿ. ಇನ್ನೊಮ್ಮೆ ಬಿದ್ದರೆ, ಕೂಗಿದ್ದು ನಾನೇ ಎಂದು ಓಣಿಗೆ ಗೊತ್ತಾಗಬೇಕು.

ಇಂತಿ,
ನಿಮ್ಮ ವರದಿಯ ಮೂವರು ಉತ್ಸಾಹಿ ನಾಗರಿಕರ ಪರವಾಗಿ,
ಊರುಗೋಲು ಹಿಡಿದ ಕುವಬಾರ ತೊಕುಜಿ