ಅಜ್ಜಿ ಬಾಯಿ ಬಿಡದ ದಿನ

ಮಂಗಳವಾರ, ಮಾರ್ಚ್ ೧೨

ಅಕ್ಕಾ,

ನೀನು ನನಗೆ ಅನ್ಯಾಯ ಮಾಡಿದ್ದೀಯ. ಅಜ್ಜಿಯ ನಿಜವಾದ ಕಥೆ ನಿನಗೆ ವರ್ಷಗಳಿಂದ ಗೊತ್ತಿತ್ತು. ನಾನು ಸುಳ್ಳು ಕಥೆಯನ್ನು ಊರಿಗೆಲ್ಲ ಸಾರುತ್ತಿದ್ದರೂ ನೀನು ತೆಪ್ಪಗೆ ಕೂತಿದ್ದೆ.

ನೋಡು, ಕ್ಷೇಮ ಕೇಳುವ ಮೊದಲೇ ಜಗಳಕ್ಕೆ ನಿಂತೆ. ನೀನು, ಭಾವ, ಪುಟ್ಟಿ ಎಲ್ಲರೂ ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ. ನಿನ್ನ ಎರಡು ಕಾಗದಗಳೂ ತಲುಪಿವೆ. ಉತ್ತರ ಬರೆಯದಿದ್ದಕ್ಕೆ ಕೆಲಸದ ನೆಪ ಹೇಳುವುದಿಲ್ಲ. ಕಾರ್ಖಾನೆಯಲ್ಲಿ ಬೂಟಿನ ಡಬ್ಬಿಗೆ ತೆಳು ಕಾಗದ ತುರುಕುವಾಗ ಕೈ ತನ್ನ ಪಾಡಿಗೆ ತಾನು ಕೆಲಸ ಮಾಡುತ್ತಿರುತ್ತದೆ, ಮನಸ್ಸು ನಿನ್ನ ಜೊತೆ ಜಗಳವಾಡುತ್ತಿರುತ್ತದೆ. ಬರೆದು ಬರೆದು ಹರಿದು ಹಾಕಿದೆ. ಮೊದಲ ಕಾಗದದಲ್ಲಿ ನಿನ್ನನ್ನು ಕಳ್ಳಿ ಎಂದು ಕರೆದಿದ್ದೆ. ಇದರಲ್ಲಿ ಕರೆದಿಲ್ಲ, ಗಮನಿಸು.

ಅಜ್ಜಿ ನನ್ನ ಕೋಣೆಯಲ್ಲಿ ಎರಡು ದಿನ ಇದ್ದು ಹೋದಳಲ್ಲ, ಇಲ್ಲಿ ನಡೆದದ್ದನ್ನು ನಿನಗೆ ಹೇಳಿರಲಾರಳು. ಅದಕ್ಕೆ ನಾನೇ ಹೇಳುತ್ತೇನೆ.

ನಾವಿಬ್ಬರೂ ಅಮ್ಮನ ಬಾಯಲ್ಲಿ ಕೇಳಿ ಬೆಳೆದದ್ದು ಒಂದೇ ಕಥೆ. ಯುದ್ಧದ ಕಾಲ, ಹೊರಗಿನ ಸೈನ್ಯ ಊರನ್ನು ಹಿಡಿದಿತ್ತು. ಅಜ್ಜಿ ಪುಸ್ತಕಗಳಿಗೆ ರಟ್ಟು ಹಾಕುವ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಕಲ್ಲುಗಣಿಯ ಕೂಲಿಗಳನ್ನು ಸೈನಿಕರು ಹೇಗೆ ಕೊಂದರೆಂದು ಒಬ್ಬ ಮೇಷ್ಟ್ರು ಕಾದಂಬರಿ ಬರೆದಿದ್ದರು. ಅದು ಯಾರ ಮನೆಯಲ್ಲಿ ಸಿಕ್ಕಿದರೂ ಆ ಮನೆಗೆ ಬೆಂಕಿ ಇಡುತ್ತಿದ್ದರು. ಅದರ ಹಾಳೆಗಳಿಗೆ ಮಕ್ಕಳ ಗಣಿತದ ಪುಸ್ತಕದ ರಟ್ಟು ಅಂಟಿಸಿ ಹೊರಗೆ ಕಳಿಸುತ್ತಿದ್ದವಳು ನಮ್ಮಜ್ಜಿ. ಅವಳನ್ನು ಹಿಡಿದುಕೊಂಡು ಹೋದರು, ಬೂಟುಗಾಲಲ್ಲಿ ಬೆರಳು ತುಳಿದರು, ಅಜ್ಜಿ ಬಾಯಿ ಬಿಡಲಿಲ್ಲ. ನಿನಗೆ ಅದು ನಿದ್ದೆ ಬರಿಸುವ ಕಥೆ. ನನಗೆ ಅದೇ ಬೆನ್ನೆಲುಬು. ರೈಲು ನಿಲ್ದಾಣದ ಹೊರಗೆ ಹಂಚುವ ಕರಪತ್ರಗಳನ್ನೆಲ್ಲ ನಾನು ಹುಡುಕಿ ಓದಿದ್ದು ಅಜ್ಜಿಯ ಆ ಡೊಂಕು ಬೆರಳುಗಳಿಗಾಗಿ. ದಬ್ಬಾಳಿಕೆಗೆ ಎದುರು ನಿಲ್ಲುವವರು, ತಲೆ ಬಾಗಿಸುವವರು, ಲೋಕದಲ್ಲಿ ಇರುವುದು ಎರಡೇ ಬಗೆಯ ಜನ ಎಂದು ಅವು ಹೇಳುತ್ತಿದ್ದವು. ನಾನು ಅಜ್ಜಿಯ ಕಡೆಯವಳು ಎಂದುಕೊಂಡಿದ್ದೆ.

ನೀನೋ, ಯಾವ ಪುಸ್ತಕ ಹಿಡಿದರೂ ಎರಡನೇ ಸಾಲಿಗೇ ಆಕಳಿಸುವವಳು. ಆದರೂ ಅಮ್ಮ ಹೋದ ಮೇಲೆ ಅಜ್ಜಿ ಬಂದದ್ದು ನಿನ್ನ ಮನೆಗೆ. "ನಿಂದು ಒಂದೇ ಕೋಣೆ ಕಣೇ" ಅಂದೆ ನೀನು. ಕೋಣೆ ಒಂದೇ, ನಿಜ. ನೀನು ತಲೆ ಬಾಚುವಾಗ ಅವಳು ಕಣ್ಣು ಮುಚ್ಚಿ ನಿನ್ನ ಮೊಣಕಾಲಿಗೆ ಒರಗುತ್ತಾಳಲ್ಲ, ಅದನ್ನು ನೋಡಿದರೆ ನನ್ನ ಹೊಟ್ಟೆ ಉರಿಯುತ್ತದೆ. ನಾನು ಬಾಚಿದರೆ "ಮೆಲ್ಲಗೆ ಕಣೇ, ಇದು ನಿನ್ನ ಚಳವಳಿ ಅಲ್ಲ" ಅನ್ನುತ್ತಾಳೆ.

ಸೈಕಲ್ ರಿಪೇರಿ ಅಂಗಡಿಯ ಮಹಡಿಯಲ್ಲಿ ನಮ್ಮ ಸಂಘದ ವಾಚನಾಲಯವಿದೆ. ಅದರ ಕಾರ್ಯದರ್ಶಿಗೆ ನಾವಿಟ್ಟ ಹೆಸರು ಗುಡುಗಣ್ಣ. ಕುಡಿಯಲು ನೀರು ಕೇಳಿದರೂ ಘೋಷಣೆ ಕೂಗಿದ ಹಾಗಿರುತ್ತದೆ. ಯುದ್ಧಕಾಲದ ಸಾಹಿತ್ಯದ ಬಗ್ಗೆ ಸಭೆ ಇಟ್ಟು, ಅಜ್ಜಿಯ ಮೇಲೆ ನಾನು ಬರೆದ ಲೇಖನವನ್ನು ನನ್ನಿಂದಲೇ ಓದಿಸಿದ. ಅಜ್ಜಿಯನ್ನು ಇಲ್ಲಿಗೆ ಕರೆಸಿಕೊಂಡದ್ದು ಅದಕ್ಕೇ. ಮುಂದಿನ ಸಾಲಿನಲ್ಲಿ ಕೂರಿಸಿದ್ದೆವು. ತುಳಿದ ಬೆರಳು, ತೆರೆಯದ ತುಟಿ ಎಂದು ಓದುವಷ್ಟರಲ್ಲಿ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನಾನು ಅಜ್ಜಿಯ ಮುಖ ನೋಡಿದೆ. ಒಂದೇ ಒಂದು ಗಳಿಗೆಗಾದರೂ ಅವಳು ಪೂರ್ತಿ ನನ್ನವಳಾಗಲಿ ಎಂದು ನೋಡಿದೆ. ಅವಳು ಬಾಗಿಲ ಕಡೆ ತಿರುಗಿದ್ದಳು. ಮೆಟ್ಟಿಲು ಇಳಿಯುವಾಗ ಕೇಳಿದಳು, "ದೊಡ್ಡವಳು ಬರಲ್ವಾ?"

ಮರುದಿನ ಬೆಳಿಗ್ಗೆ ಚಹಾ ಕೊಟ್ಟು, ನಾಚಿಕೆ ಬಿಟ್ಟು ನಾನೇ ಕೇಳಿದೆ. "ಹೇಗಿತ್ತು ಅಜ್ಜಿ, ನಾನು ಬರೆದಿದ್ದು?"

ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಹೇಳಿದಳು, "ಈ ಬೆರಳು ಕಾಗದ ಕತ್ತರಿಸೋ ಯಂತ್ರಕ್ಕೆ ಸಿಕ್ಕಿದ್ದು ಕಣೇ. ಯುದ್ಧ ಮುಗಿದು, ನಿಮ್ಮಮ್ಮ ಹುಟ್ಟಿದ ಮೇಲೆ. ಕೂಸು ರಾತ್ರಿಯೆಲ್ಲ ಮಲಗೋಕೆ ಬಿಟ್ಟಿರ್ಲಿಲ್ಲ, ಕಣ್ಣು ಎಳೀತಿತ್ತು."

"ಮತ್ತೆ ಅಮ್ಮ ಹೇಳಿದ್ದು?"

"ಅವಳಿಗೆ ಶಾಲೇಲಿ ಯಾರೋ ಹಾಗೆ ಹೇಳಿದ್ರು. ಎದೆ ಉಬ್ಬಿಸ್ಕೊಂಡು ಮನೆಗೆ ಬಂದ್ಲು. ಮಗು ಮುಖ ನೋಡಿ ಇಲ್ಲ ಅನ್ನೋಕೆ ಆಗ್ಲಿಲ್ಲ."

ಆಮೇಲೆ ಉಳಿದದ್ದನ್ನು ಹೇಳಿದಳು. "ಹಿಡ್ಕೊಂಡು ಹೋಗಿದ್ದು ಇಬ್ಬರನ್ನ. ನನ್ನನ್ನ, ಹಾಳೆ ಹೊಲಿಯೋಳನ್ನ. ಅವಳನ್ನ ಉದ್ದಜಡೆ ಅಂತ ಕರೀತಿದ್ವಿ. ಅಧಿಕಾರಿ ಮೇಜಿನ ಮೇಲೆ ಪುಸ್ತಕ ಬಿಸಾಕಿ, ಈ ರಟ್ಟು ಅಂಟಿಸಿದ್ದು ಯಾರು ಅಂದ. ಅಂಟಿನ ಕೆಲಸ ನಂದು. ಉಗುರ ಸಂದೀಲಿ ಇನ್ನೂ ಅಂಟು ಒಣಗಿರ್ಲಿಲ್ಲ. ಉದ್ದಜಡೆ ನನ್ನ ಕಡೆ ಒಂದು ಸಲ ನೋಡಿದ್ಲು. ಆಮೇಲೆ, ನಾನೇ, ಅಂದ್ಲು."

"ನೀನು?"

"ನಾನು ಬಾಯಿ ಬಿಡ್ಲಿಲ್ಲ. ಅದೊಂದನ್ನ ಸರಿಯಾಗಿ ಬರೆದಿದ್ದೀಯ."

ಅವಳ ಕಣ್ಣೆದುರೇ ಉದ್ದಜಡೆಯನ್ನು ಜಡೆ ಹಿಡಿದು ಎಳೆದುಕೊಂಡು ಹೋದರಂತೆ. ಅಜ್ಜಿಯನ್ನು ಸಂಜೆಗೆ ಬಿಟ್ಟರು. ಉದ್ದಜಡೆ ಮತ್ತೆ ಬರಲೇ ಇಲ್ಲ.

ಅಕ್ಕಾ, ಆಗ ನನಗೆ ಆ ಹೆಂಗಸಿಗಾಗಿ ಅಳು ಬರಬೇಕಿತ್ತು. ಕ್ರೌರ್ಯದ ಬಗ್ಗೆ ಅಷ್ಟೆಲ್ಲ ಓದಿದವಳು ನಾನು. ಆದರೆ ನನ್ನ ಬಾಯಿಂದ ಬಂದ ಮೊದಲ ಮಾತು, "ಅಕ್ಕನಿಗೆ ಗೊತ್ತಾ?"

"ಗೊತ್ತು. ಪುಟ್ಟಿ ಹುಟ್ಟಿದ ವರ್ಷ ಹೇಳಿದ್ದೆ."

ಪುಟ್ಟಿ ಈಗ ಶಾಲೆಗೆ ಹೋಗುತ್ತಾಳೆ! ಅಂದಿನಿಂದ ಎಷ್ಟು ಸಲ ನಿನ್ನ ಅಡುಗೆಮನೆಯಲ್ಲಿ ಕೂತು ಅಜ್ಜಿಯ ಶೌರ್ಯವನ್ನು ಹೊಗಳಿದ್ದೇನೆ. ನೀನು ಬೆನ್ನು ತಿರುಗಿಸಿ ಪಾತ್ರೆ ತೊಳೆಯುತ್ತಿದ್ದೆ. ಆಗ ನಗುತ್ತಿದ್ದೆಯಾ? ನಾನು ಎದ್ದು ಹೋದ ಮೇಲೆ ನೀವಿಬ್ಬರೂ ಮುಖ ಮುಖ ನೋಡಿಕೊಳ್ಳುತ್ತಿದ್ದಿರಾ? ಇನ್ನೂ ಕೇಳು. ಉದ್ದಜಡೆಯ ಮಾತು ತೆಗೆದಾಗ ಅಜ್ಜಿಯ ದನಿ ಎಷ್ಟು ಮೃದುವಾಯಿತೆಂದರೆ, ಆ ಸತ್ತವಳ ಮೇಲೂ ನನಗೆ ಹೊಟ್ಟೆಕಿಚ್ಚಾಯಿತು. ಇಂಥವಳು ಲೋಕ ತಿದ್ದಲು ಹೊರಟಿದ್ದೇನೆ.

ಅಜ್ಜಿಯನ್ನು ಈಗ ಯಾವ ಕಡೆ ನಿಲ್ಲಿಸಲಿ? ಮನೆ ಸುಡುತ್ತಾರೆಂದು ಗೊತ್ತಿದ್ದೂ ಆ ಪುಸ್ತಕಕ್ಕೆ ರಟ್ಟು ಅಂಟಿಸಿದವಳು ಅವಳೇ. ಅಧಿಕಾರಿಯ ಮೇಜಿನ ಮುಂದೆ ಮುದುಡಿ ನಿಂತವಳೂ ಅವಳೇ. ನನ್ನ ಕರಪತ್ರಗಳಲ್ಲಿ ಇಂಥವರಿಗೆ ಜಾಗ ಮಾಡಿಲ್ಲ.

ಲೇಖನ ಪುಸ್ತಿಕೆಯಾಗಿ ಅಚ್ಚಿಗೆ ಹೋಗಬೇಕಿತ್ತು. ವಾಪಸ್ ತೆಗೆದುಕೊಂಡೆ. "ಜನಕ್ಕೆ ಧೈರ್ಯ ಬೇಕು ತಂಗೀ, ಸಣ್ಣಪುಟ್ಟ ವ್ಯತ್ಯಾಸ ಯಾರು ನೋಡ್ತಾರೆ?" ಎಂದು ಗುಡುಗಣ್ಣ ಗುಡುಗಿದ. "ಒಬ್ಬಳು ಸತ್ತಿದ್ದಾಳೆ. ಅದು ಸಣ್ಣದಾ, ಪುಟ್ಟದಾ?" ಅಂದೆ. ಮೊದಲ ಸಲ ಅವನು ಮನುಷ್ಯರ ದನಿಯಲ್ಲಿ ಮಾತಾಡಿದ. "ಹಾಗಾದ್ರೆ ಅವಳ ಬಗ್ಗೆ ಬರಿ" ಅಂದ. ಬರೆಯುತ್ತೇನೆ. ಆದರೆ ಅಂಟಿಸಿದವಳು ಸುಮ್ಮನೆ ನಿಂತಿದ್ದಳು ಎಂದೂ ಬರೆಯಬೇಕಾಗುತ್ತದೆ. ಅದಕ್ಕೆ ಅಜ್ಜಿ ಒಪ್ಪಬೇಕು. ನೀನು ಹೇಳಿದರೆ ಒಪ್ಪುತ್ತಾಳೆ, ಗೊತ್ತು. ದಯವಿಟ್ಟು ನೀನು ಹೇಳಬೇಡ. ಇದೊಂದನ್ನಾದರೂ ನನಗೆ ಬಿಡು.

ಭಾವನಿಗೆ ನಮಸ್ಕಾರ. ಪುಟ್ಟಿ ಚೆನ್ನಾಗಿ ಬೆಳೆಯಲಿ, ಚಿಕ್ಕಮ್ಮನ ಹಾಗೆ ಜಗಳಗಂಟಿಯಾಗದಿರಲಿ. ಅಥವಾ ಸ್ವಲ್ಪ ಆಗಲಿ, ಪರವಾಗಿಲ್ಲ. ನಿನಗೂ ಒಳ್ಳೆಯದಾಗಲಿ ಎಂದು ಹಲ್ಲು ಕಚ್ಚಿಕೊಂಡು ಹಾರೈಸುತ್ತೇನೆ.

ನಿನ್ನ ತಂಗಿ,
ಚಿಕ್ಕವಳು

ತಾ.ಕ.: ಅಜ್ಜಿಯನ್ನು ಬಸ್ಸು ಹತ್ತಿಸುವಾಗ ತಡೆಯಲಾರದೆ ಕೇಳಿದೆ, "ಅಕ್ಕನಿಗೆ ಹೇಳಿದ್ದೀಯ, ನನಗ್ಯಾಕೆ ಹೇಳ್ಲಿಲ್ಲ?" ಕಿಟಕಿಯಿಂದ ಬಗ್ಗಿ ಹೇಳಿದಳು, "ನಿಮ್ಮಕ್ಕ ಒಂದಿನ ಬಟ್ಟೆ ಮಡಚ್ತಾ, ಅಜ್ಜೀ, ಅವತ್ತು ತುಂಬಾ ಹೆದರಿಕೆ ಆಗಿತ್ತಾ ಅಂತ ಕೇಳಿದ್ಲು. ಅಷ್ಟು ಕೇಳಿದ್ದಕ್ಕೇ ಎಲ್ಲ ಹೊರಗೆ ಬಂತು. ನೀನು ಇಷ್ಟೇ ಇಷ್ಟಿದ್ದಾಗಿಂದ, ಅಷ್ಟು ಧೈರ್ಯ ಎಲ್ಲಿಂದ ಬಂತಜ್ಜಿ ಅಂತ್ಲೇ ಕೇಳ್ತಿದ್ದೆ. ಅದಕ್ಕೆ ನಾನು ಏನಂತ ಹೇಳ್ಲಿ, ಮಗಳೇ?" ಬಸ್ಸು ಹೊರಟುಹೋಯಿತು. ಅವಳಿಗೆ ಹೆದರಿಕೆಯಾಗಿರಬಹುದು ಎಂದು ಇಷ್ಟು ವರ್ಷದಲ್ಲಿ ನನಗೆ ಒಮ್ಮೆಯೂ ಹೊಳೆಯಲಿಲ್ಲ ಅಕ್ಕಾ. ನಿನಗೆ ಹೊಳೆಯಿತು. ಉಳಿದದ್ದನ್ನೆಲ್ಲ ಮರೆತೇನು, ಇದನ್ನು ಮರೆಯಲಾರೆ.

ನಾನೂ ಕೇಳಬೇಕು. ಬರುವ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ನಿನ್ನ ಮನೆಗೆ ಬರುತ್ತೇನೆ. ಅಜ್ಜಿ ಇರಲಿ. ನೀನು ಪುಟ್ಟಿಯನ್ನು ಕರೆದುಕೊಂಡು ಎಲ್ಲಿಗಾದರೂ ಹೋಗಿರು, ಹನ್ನೊಂದಕ್ಕೆ ಬಾ.