ಅಂಗಳದ ಮರಕ್ಕೆ ಬೇಲಿ

ಲೋ ಗಡಿಯಾರ,

ನಮ್ಮ ಹಳೇ ಅಂಗಡಿ ಸಾಲನ್ನು ಕೆಡವಿ ಹೊಸ ಮಳಿಗೆ ಕಟ್ಟುವುದಕ್ಕೆ ನಗರಸಭೆ ಇವತ್ತು ಒಪ್ಪಿಗೆ ಕೊಟ್ಟಿತು. ನನ್ನ ಚಪ್ಪಲಿ ಅಂಗಡಿಗೂ ಅಲ್ಲಿ ಜಾಗ ಸಿಗುತ್ತದೆ. ನಿನ್ನ ವಾಚ್ ರಿಪೇರಿ ಅಂಗಡಿಯ ಬಾಗಿಲು ನೀನು ತೀರಿಕೊಂಡ ಮೇಲೆ ತೆರೆದೇ ಇಲ್ಲ.

ಮೊದಲ ಸಭೆಯಲ್ಲೇ ಈ ಯೋಜನೆಗೆ ನೀನು ಅಡ್ಡ ನಿಂತೆ, ನಾನು ಪರವಾಗಿ ಕೈ ಎತ್ತಿದೆ. ಆಮೇಲೆ ನಾವಿಬ್ಬರೂ ಒಟ್ಟಿಗೆ ಕೂತು ಟೀ ಕುಡಿಯಲಿಲ್ಲ.

ಇವತ್ತಿನ ಸಭೆಯಲ್ಲಿ ನಗರಸಭೆಯ ಅಧಿಕಾರಿ ಮೇಡಂ ಒಪ್ಪಿಗೆಯ ಷರತ್ತುಗಳನ್ನು ಓದಿದಾಗ ಎಲ್ಲವೂ ನೀನು ಹಟ ಹಿಡಿದು ಕೇಳಿದ್ದೇ. ಶಾಲೆ ಬಿಡುವ ಹೊತ್ತಿಗೆ ಅಂಗಡಿ ಮುಂದಿನ ರಸ್ತೆಗೆ ಲಾರಿಗಳು ಬರಕೂಡದು. ಅಂಗಳದ ದೊಡ್ಡ ಮರದ ಬೇರಿನ ಸುತ್ತ ಬೇಲಿ ಹಾಕುವ ತನಕ ನೆಲ ಅಗೆಯಕೂಡದು. ನನ್ನ ಗಿರಾಕಿಗಳು ಆ ನೆರಳಿನಲ್ಲಿ ಇನ್ನು ಮುಂದೆಯೂ ನಿಲ್ಲುತ್ತಾರೆ. ನನ್ನ ಮೊಮ್ಮಗಳು ಆ ರಸ್ತೆಯನ್ನು ನಿರಾಳವಾಗಿ ದಾಟುತ್ತಾಳೆ. ದೊಡ್ಡ ಉಪಕಾರ ಮಾಡಿದೆ ಮಾರಾಯ.

“ಯಾರದಾದ್ರೂ ತಕರಾರು ಇದೆಯಾ?” ಎಂದರು ಮೇಡಂ. ಎಲ್ಲರೂ ಅಭ್ಯಾಸಬಲದಿಂದ ನೀನು ಕೂರುತ್ತಿದ್ದ ಕುರ್ಚಿಯತ್ತ ತಿರುಗಿದರು. ನಾನು ಎದ್ದು ನಿಂತೆ.

“ತಕರಾರಿಲ್ಲ ಮೇಡಂ. ಆ ಮರದ ವಿಷಯ ಇನ್ನೊಂದ್ಸಲ ಓದ್ತೀರಾ? ಸ್ವಲ್ಪ ಜೋರಾಗಿ.”

“ಯಾಕೆ, ಕೇಳಿಸಲಿಲ್ವಾ?”

ನನಗೆ ಮೊದಲ ಸಲವೇ ಚೆನ್ನಾಗಿ ಕೇಳಿಸಿತ್ತು ಕಣೋ.