ಹದಿನೈದು ಸೆಕೆಂಡಿನ ಆಚೆ

ಮಾರ್ಚ್ 6, ಶುಕ್ರವಾರ

ಬೆಳಗಿನ ಡ್ರೈವಿಂಗ್ ಪಾಠಗಳು ಮುಗಿದವು. ಕಲಿಯಲು ಬರುವ ನರ್ಸಮ್ಮ ಇವತ್ತೂ ಏರಿನಲ್ಲಿ ಕಾರು ಆಫ್ ಮಾಡಿಕೊಂಡರು. ಹಿಂದಿನ ಲಾರಿಯವನು ಹಾರ್ನ್ ಮೇಲಿಟ್ಟ ಕೈ ತೆಗೆಯಲಿಲ್ಲ. "ಒತ್ಲಿ ಬಿಡಿ, ಕೈ ನೋಯೋದು ಅವನಿಗೆ" ಎಂದೆ. ನಗುತ್ತಲೇ ಮತ್ತೆ ಸ್ಟಾರ್ಟ್ ಮಾಡಿದರು. ನಗುವಾಗ ಕ್ಲಚ್ ಮೇಲಿನ ಕಾಲು ತಾನಾಗಿ ಸಡಿಲವಾಯಿತು, ಗಾಡಿ ಹತ್ತಿತು.

ನಮ್ಮ ಹಾಡು ಇವತ್ತು ಆನ್‌ಲೈನ್‌ನಲ್ಲಿ ಬಿಡುಗಡೆ. ತಮ್ಮನದು ಗಳಿಗೆಗೊಮ್ಮೆ ಫೋನ್. "ಅಕ್ಕ, ನೂರಾಯ್ತು." "ಅಕ್ಕ, ನೂರಾ ನಲವತ್ತು." ರಾಗ ಅವನದು, ಮಾತು ಮತ್ತು ದನಿ ನನ್ನದು. ಟೈರ್ ಅಂಗಡಿಯ ಮೇಲಿನ ಅವನ ಕೋಣೆಯಲ್ಲಿ, ಕಿಟಕಿಗೆ ಹಾಸಿಗೆ ಒರಗಿಸಿ ರೆಕಾರ್ಡ್ ಮಾಡಿದ್ದು. ಐದು ನಿಮಿಷದ ಹಾಡು. ಶುರುವಿನಲ್ಲಿ ಮಾತಿಲ್ಲ, ಬರೀ ಗುನುಗು.

ಮನೆಗೆ ಬಂದರೆ ಅಮ್ಮನ ಫೋನ್ ಚಾರ್ಜಿಗೆ ಹಾಕಿದೆ. ಹಾಡು ಓಡುತ್ತಿದೆ, ಸದ್ದಿಲ್ಲ.

"ಅಮ್ಮ, ಸೌಂಡೇ ಇಲ್ವಲ್ಲ."

"ಕೇಳಕ್ಕಲ್ಲ ಕಣೆ ಹಾಕಿರೋದು, ಲೆಕ್ಕಕ್ಕೆ. ಎಷ್ಟು ಸಲ ಓಡುತ್ತೋ ಅಷ್ಟೂ ನಿನ್ನ ಖಾತೆಗೆ ತಾನೆ?"

"ನೀನು ಕೇಳಿದ್ಯಾ ಹೇಳು."

"ಒಂದ್ಸಲ." ಈರುಳ್ಳಿ ಹೆಚ್ಚುತ್ತ ಮುಖ ಆಚೆ ತಿರುಗಿಸಿದಳು. "ಒಂದ್ಸಲಕ್ಕೇ ಸಾಕಾಯ್ತು. ನಿಮ್ಮಪ್ಪನೇ ಬಂದು ಕೂತ ಹಾಗಾಯ್ತು."

ಅಪ್ಪ ಬಸ್ ಡ್ರೈವರ್ ಆಗಿದ್ದರು, ಈಗಿಲ್ಲ. ನನಗೆ ಗಾಡಿ ಕಲಿಸಿದ್ದು ಅವರೇ. ಮೊದಲ ಸಲ ನನ್ನೊಬ್ಬಳನ್ನೇ ಕಾರಿನಲ್ಲಿ ಕೂರಿಸಿ, ತಾವು ಸೈಕಲ್ ಹತ್ತಿ ಹಿಂದೆ ಬಂದರು. "ಹೋಗು, ಹೋಗು, ಕನ್ನಡಿ ನೋಡ್ತಾ ಹೋಗು. ಹಿಂದೆ ನಾನಿರ್ತೀನಿ." ಹಾಡಿನ ಪಲ್ಲವಿ ಅವರ ಆ ಮಾತೇ. ಸಾಹಿತ್ಯ ನನ್ನದು ಎಂದು ಹಾಕಿಕೊಳ್ಳಲು ನಾಚಿಕೆ.

ಮಾರ್ಚ್ 19

ಒಂದು ಮ್ಯೂಸಿಕ್ ಕಂಪನಿಯಿಂದ ಕರೆ ಬಂದಿತ್ತು. ಹೋಗಿ ಬಂದೆವು. ಗಾಜಿನ ಕೋಣೆ, ಕುರ್ಚಿಗಳು ಕೂತರೆ ಹಿಂದಕ್ಕೆ ವಾಲುವಂಥವು. ಪ್ರಚಾರ ನೋಡಿಕೊಳ್ಳುವವನು ಮಾತಿಗೊಮ್ಮೆ ಕೈ ಬೀಸುತ್ತಾನೆ.

"ಹಾಡು ಚೆನ್ನಾಗಿದೆ ಮೇಡಂ. ಆದ್ರೆ ಚೆನ್ನಾಗಿರೋ ಹಾಡು ದಿನಾ ರಾಶಿ ರಾಶಿ ಬರ್ತವೆ. ಗಾಳಿ ಬೀಸ್ಬೇಕು. ಗಾಳಿ ನಾವು ಬೀಸ್ತೀವಿ."

ತಮ್ಮ ನನ್ನ ಕಿವಿಯಲ್ಲಿ — "ಗಾಳಿಯಣ್ಣ." ಹೆಸರು ಅಂಟಿಕೊಂಡಿತು.

ಪರದೆಯ ಮೇಲೆ ಒಂದು ಗೆರೆ ತೋರಿಸಿದ. ನಮ್ಮ ಕೇಳುಗರು. ಶುರುವಿನಲ್ಲಿ ಮೇಲಿದ್ದದ್ದು ಕಣ್ಣು ಮಿಟುಕಿಸುವಷ್ಟರಲ್ಲಿ ದಬಕ್ಕನೆ ಕೆಳಗೆ.

"ಇದು ನಿಮ್ಮ ಗುನುಗು. ಇಲ್ಲೇ ಅರ್ಧ ಜನ ಎದ್ದು ಹೋದ್ರು. ಮೂವತ್ತು ಸೆಕೆಂಡ್ ದಾಟಿದ್ರೆ ಮಾತ್ರ ಕೇಳಿದ ಲೆಕ್ಕ. ಅದಕ್ಕಿಂತ ಮುಂಚೆ ಹೋದವ್ರು ಬಂದೇ ಇಲ್ಲ ಅಂತ ಅರ್ಥ."

ಅವನಿಗೆ ಬೇಕಾದದ್ದು — ಗುನುಗು ತೆಗೆಯಬೇಕು. ಪಲ್ಲವಿ ಮೊದಲಿಗೆ. ಅದರಲ್ಲೂ "ಹೋಗು, ಹೋಗು" ಅಷ್ಟೇ, ಡೋಲಿನ ಏಟಿನ ಜೊತೆ. ಒಟ್ಟು ಎರಡು ನಿಮಿಷ. ಐದು ನಿಮಿಷದ್ದನ್ನು ಎಲ್ಲ ಆ್ಯಪ್‌ಗಳಿಂದ ಇಳಿಸಬೇಕು. "ಕ್ಲಿಪ್ ಮಾಡೋರಿಗೆ ಹದಿನೈದು ಸೆಕೆಂಡ್ ಸಿಕ್ಕಿದ್ರೆ ಸಾಕು ಮೇಡಂ. ಹಾಡನ್ನ ಹೊತ್ಕೊಂಡು ಓಡೋರು ಅವರೇ."

ಆಗಲ್ಲ ಎಂದೆ. ಎದ್ದು ಬಂದೆ. ಮೆಟ್ಟಿಲಲ್ಲಿ ತಮ್ಮ ಕೈ ಹಿಡಿದು ನಿಲ್ಲಿಸಿದ.

"ಅಕ್ಕ, ಹೋಟೆಲ್ ಮೂಲೇಲಿ ಕೂತು ಕೀಬೋರ್ಡ್ ನುಡಿಸಿ ನುಡಿಸಿ ಸಾಕಾಗಿದೆ. ಜನ ಚಮಚದ ಸದ್ದು ಮಾಡ್ತಾ ತಿಂತಿರ್ತಾರೆ, ಒಬ್ರೂ ತಲೆ ಎತ್ತಲ್ಲ. ಒಂದ್ಸಲ ಕೇಳ್ಲಿ. ಒಂದೇ ಒಂದ್ಸಲ."

ಅವನ ಮುಖ ನೋಡಿ ಮತ್ತೆ ಮೇಲೆ ಹತ್ತಿದೆ, ಸಹಿ ಹಾಕಿದೆ.

ಏಪ್ರಿಲ್ 11

ಎರಡು ನಿಮಿಷದ ಹಾಡಿಗೆ ಚಾರ್ಟಿನಲ್ಲಿ ಮೂವತ್ತೆಂಟನೇ ಸ್ಥಾನ.

ಏಪ್ರಿಲ್ 18

ಹನ್ನೆರಡು. ತಮ್ಮ ಹೋಟೆಲ್ ಕೆಲಸ ಬಿಟ್ಟ. ಯಾರನ್ನೂ ಕೇಳಲಿಲ್ಲ.

ಏಪ್ರಿಲ್ 27, ಸೋಮವಾರ

ಆರು. ದೊಡ್ಡ ಪ್ಲೇಲಿಸ್ಟಿನಲ್ಲಿ ಎರಡನೆಯದು. ಆ ಜಾಗ ಗಾಳಿಯಣ್ಣನ ಓಡಾಟದ ಫಲ, ಅವನೇ ಹೇಳಿಕೊಂಡ. ಎಲ್ಲೆಲ್ಲೂ ನನ್ನ ದನಿ. ಜಿಮ್ಮಿನಲ್ಲಿ, ಲಿಫ್ಟಿನಲ್ಲಿ, ಪೆಟ್ರೋಲ್ ಬಂಕಿನಲ್ಲಿ. ಒಬ್ಬ ನಾಯಿಗೆ ಸ್ನಾನ ಮಾಡಿಸುತ್ತ "ಹೋಗು, ಹೋಗು". ಒಬ್ಬಳು ಹಳೇ ಹುಡುಗನ ಫೋಟೋ ಕಸದ ಬುಟ್ಟಿಗೆ ಹಾಕುತ್ತ "ಹೋಗು, ಹೋಗು". ನಾನೂ ನಕ್ಕೆ. ಸುಳ್ಳು ಯಾಕೆ, ಖುಷಿಯಾಗಿತ್ತು.

ಅಮ್ಮ ಇವತ್ತು ಔಷಧಿ ಅಂಗಡಿಯಲ್ಲಿ ಒಂದು ಕ್ಲಿಪ್ ನೋಡಿದಳಂತೆ. ಕೌಂಟರಿನ ಹುಡುಗಿ ನಗುತ್ತ ತೋರಿಸಿದ್ದು. ಯಾರೋ ಮೊಮ್ಮಗ, ಕುರ್ಚಿಯಲ್ಲಿ ಕೂತ ಅಜ್ಜನನ್ನು ತಳ್ಳಿ ಎಬ್ಬಿಸುತ್ತಾನೆ, ತಮಾಷೆಗೆ. ಹಿಂದೆ ನನ್ನ ದನಿ. ಅಜ್ಜ ಪಾಪ, ಏನೆಂದು ತಿಳಿಯದೆ ನಗುತ್ತಾರೆ. ಲಕ್ಷಗಟ್ಟಲೆ ಜನ ಮೆಚ್ಚಿದ್ದಾರೆ.

ಔಷಧಿ ಚೀಲ ಮೇಜಿನ ಮೇಲಿಟ್ಟು ಹೇಳಿದಳು — "ನಿಮ್ಮಪ್ಪ ಹಿಂಗೆ ಹೇಳಿದ್ದಲ್ವಲ್ಲ ಕಣೆ."

ಅಷ್ಟೇ. ಬೈಯಲಿಲ್ಲ.

ಮೇ 4

ಗಾಳಿಯಣ್ಣನ ಹತ್ತಿರ ಹೋದೆ. ಒಬ್ಬಳೇ. ಪೂರ್ತಿ ಹಾಡು ಮತ್ತೆ ಹಾಕಿ ಎಂದೆ.

"ಎರಡೆರಡು ಇದ್ರೆ ಎಣಿಕೆ ಹಂಚಿಹೋಗುತ್ತೆ ಮೇಡಂ. ಆರರಿಂದ ನೇರ ಪಾತಾಳಕ್ಕೆ. ಶನಿವಾರ ಟಿವಿಯವರ ಟಾಪ್ ಟೆನ್ ಕಾರ್ಯಕ್ರಮ ಇದೆ, ನೇರ ಪ್ರಸಾರ. ಈಗ ಹಟ ಮಾಡೋ ಹೊತ್ತಾ ಇದು?"

"ಜನರಿಗೆ ಹಾಡಿನ ಅರ್ಥವೇ ಉಲ್ಟಾ ತಲುಪಿದೆ."

"ತಲುಪಿದೆಯಲ್ಲ." ಕೈ ಬೀಸಿದ. ಆಮೇಲೆ ನಾನು ತಣ್ಣಗಾಗಲಿ ಎಂದೋ ಏನೋ, ತನ್ನ ಶ್ರಮ ವಿವರಿಸಿದ. ಮೊದಲ ವಾರ ಹಾಡನ್ನು ಕಂಪನಿಯವರೇ ಮೇಲೆ ತಳ್ಳಿದರಂತೆ. ಒಂದು ಕೋಣೆ, ಗೋಡೆ ತುಂಬ ಫೋನು, ಎಲ್ಲದರಲ್ಲೂ ನನ್ನ ಹಾಡು, ಹಗಲೂ ರಾತ್ರಿ.

"ಯಾರು ಕೇಳ್ತಾರೆ ಅಲ್ಲಿ?"

"ಯಾರೂ ಇಲ್ಲ ಮೇಡಂ. ಕೋಣೆಗೆ ಬೀಗ ಹಾಕಿರ್ತೀವಿ."

ಮನೆಯವರೆಗೂ ಆ ಕೋಣೆ ಕಣ್ಣ ಮುಂದೆ. ಅಮ್ಮನೂ ಅದೇ ಮಾಡಿದ್ದು, ನಿಜ. ಆದರೆ ಅವಳು ಒಂದು ಸಲ ಕೇಳಿದ್ದಳು.

ತುಟಿ ಆಡಿಸಿದರೆ ಸಾಕಂತೆ ಶನಿವಾರ. ದನಿ ರೆಕಾರ್ಡಿನಲ್ಲಿ ಬರುತ್ತದೆ. ಕೊನೆಗೆ ಥ್ಯಾಂಕ್ಸ್ ಹೇಳಲು ಮೈಕ್ ಆನ್ ಮಾಡುತ್ತಾರೆ.

ಆನ್ ಮಾಡುತ್ತಾರೆ... ಸರಿ.

ಮೇ 10, ಭಾನುವಾರ, ಬೆಳಗ್ಗೆ

ಮಾಡಿಬಿಟ್ಟೆ.

ತಮ್ಮನಿಗೂ ಹೇಳಿರಲಿಲ್ಲ. ಹೇಳಿದ್ದರೆ ತಡೆಯುತ್ತಿದ್ದ. ವೈರ್ ಎಲ್ಲಿಗೂ ಸೇರದ ಕೀಬೋರ್ಡಿನ ಮುಂದೆ ಹೊಸ ಶರ್ಟು ಹಾಕಿ ನಿಂತಿದ್ದ. ರೆಕಾರ್ಡ್ ಓಡಿತು. ಹದಿನೈದು ಸೆಕೆಂಡ್ ಇಡೀ ಸಭಾಂಗಣ ನನ್ನ ಜೊತೆ ಕಿರುಚಿತು. ಆಮೇಲಿನ ಮಾತು ಯಾರಿಗೂ ಬಾರದು. ಫೋನುಗಳು ಒಂದೊಂದಾಗಿ ಕೆಳಗಿಳಿದವು. ಆರನೇ ನಂಬರಿನ ಹಾಡು, ಒಬ್ಬರಿಗೂ ಮುಂದಿನ ಸಾಲು ಗೊತ್ತಿಲ್ಲ.

ಮುಗಿಯಿತು. ನಿರೂಪಕಿ ಮೈಕ್ ಕೊಟ್ಟಳು. "ಹಾಡು ಇನ್ನೂ ಇದೆ" ಎಂದೆ. ಗುನುಗಲು ಶುರುಮಾಡಿದೆ.

ವೇದಿಕೆಯ ಪಕ್ಕದಲ್ಲಿ ಗಾಳಿಯಣ್ಣ ಎರಡೂ ಕೈ ಬೀಸುತ್ತಿದ್ದ. ನೋಡಲಿಲ್ಲ. ಮೊದಲ ಚರಣದ ನಡುವೆ ಮೈಕ್ ಸತ್ತಿತು. ಸಾಯಲಿ. ಟ್ರಾಫಿಕ್ಕಿನ ನಡುವೆ ಕೂಗಿ ಕೂಗಿ ಪಾಠ ಹೇಳಿದ ಗಂಟಲು ಇದು. ಮುಂದುವರಿಸಿದೆ. ಹಿಂದಿನ ಸಾಲುಗಳಲ್ಲಿ ಕೆಲವರು ಎದ್ದು ಹೋದರು, ಕಂಡಿತು. ಮುಂದಿನವರು ಮುಂದಕ್ಕೆ ಬಾಗಿದರು, ಅದೂ ಕಂಡಿತು.

ತಮ್ಮ ನನ್ನನ್ನು ನುಂಗುವ ಹಾಗೆ ನೋಡುತ್ತಿದ್ದ. ಎರಡನೇ ಚರಣಕ್ಕೆ ಬಂದಾಗ ಕೀಬೋರ್ಡ್ ಬಿಟ್ಟು ಬಂದು ನನ್ನ ಬೆನ್ನ ಹಿಂದೆ ನಿಂತ. "ಹಿಂದೆ ನಾನಿರ್ತೀನಿ" — ಆ ಸಾಲು ಅವನು ಹಾಡಿದ. ಅವನ ದನಿ ಒಡೆದಿತ್ತು. ಆದರೂ ಹಾಡಿದ.

ಕಾರಿನಲ್ಲಿ ವಾಪಸ್ ಹೊರಟೆವು. ಮನೆ ಹತ್ತಿರ ಬಂದಾಗ, "ಹೋಟೆಲ್‌ನವ್ರು ಮತ್ತೆ ಸೇರಿಸ್ಕೋತಾರಾ ಕೇಳ್ಬೇಕು" ಎಂದ. ನಗುತ್ತಿದ್ದನೋ ಅಳುತ್ತಿದ್ದನೋ, ನಾನು ರಸ್ತೆ ನೋಡುತ್ತಿದ್ದೆ.

ಅಮ್ಮ ಬಾಗಿಲಲ್ಲೇ ನಿಂತಿದ್ದಳು. "ನೀನು ಗುನುಗಕ್ಕೆ ಶುರು ಮಾಡಿದ್ದೇ ತಡ, ಸೋಪಿನ ಜಾಹೀರಾತು ಹಾಕ್ಬಿಟ್ರು ಕಣೆ."

"ಹಾಗಾದ್ರೆ ನೀನು ಕೇಳ್ಲೇ ಇಲ್ಲ."

"ಈಗ ಹಾಡು."

ಚಪ್ಪಲಿ ಕೂಡ ಬಿಚ್ಚಿರಲಿಲ್ಲ. ಹಾಡಿದೆ.

ಮೇ 23

ಹೋದ ವಾರ ಇಪ್ಪತ್ತೊಂಬತ್ತು. ಈ ವಾರ ಪಟ್ಟಿಯಲ್ಲೇ ಇಲ್ಲ. ಪ್ಲೇಲಿಸ್ಟಿನಿಂದ ಸದ್ದಿಲ್ಲದೆ ತೆಗೆದಿದ್ದಾರೆ. ಒಂದೇ ಹಾಡು, ಅದೇ ದನಿ. ಆರೂ ನಾನಲ್ಲ, ಈ ಶೂನ್ಯವೂ ನಾನಲ್ಲ.

ಪೂರ್ತಿ ಹಾಡನ್ನು ನಾವೇ ಮತ್ತೆ ಹಾಕಿದೆವು. ಗಾಳಿಯಣ್ಣ ಫೋನ್ ಮಾಡಿದ.

"ಕೈಯಾರೆ ಹಾಳು ಮಾಡ್ಕೊಂಡ್ರಿ ಮೇಡಂ."

"ಹೌದು, ಕೈಯಾರೆ. ಬೇರೆಯವ್ರ ಕೈಯಿಂದ ಅಲ್ಲ."

"ಅದನ್ನ ಇಳಿಸಿ. ವಕೀಲರಿಂದ ಹೇಳಿಸ್ಬೇಕಾಗುತ್ತೆ."

"ಹೇಳಿಸಿ. ಕೇಳ್ಕೊಂಡು ಹಾಡ್ತೀನಿ."

ಆಮೇಲೆ ಅವನು, ಬೇರೆಯೇ ದನಿಯಲ್ಲಿ — "ಅವತ್ತು ಸೈಡಲ್ಲಿ ನಿಂತು ಪೂರ್ತಿ ಕೇಳಿದೆ ಮೇಡಂ. ಬೇರೆ ದಾರಿ ಇರ್ಲಿಲ್ಲ." ಫೋನ್ ಇಟ್ಟುಬಿಟ್ಟ.

ನರ್ಸಮ್ಮ ಪಾಠ ಮುಗಿದ ಮೇಲೂ ಕಾರಿನಿಂದ ಇಳಿಯಲಿಲ್ಲ. "ಉದ್ದದ್ದು ಕೇಳಿದೆ. ನಾನು ಇದನ್ನ ಜಗಳದ ಹಾಡು ಅಂದ್ಕೊಂಡಿದ್ದೆ." ಕನ್ನಡಕ ಒರೆಸಿಕೊಂಡು ಇಳಿದರು.

ಜೂನ್ 14, ಭಾನುವಾರ

ತಮ್ಮನ ಕೋಣೆ. ಅವನಿಗೆ ಹೋಟೆಲ್ ಕೆಲಸ ಸಿಗಲಿಲ್ಲ, ಮಕ್ಕಳಿಗೆ ಸಂಗೀತ ಹೇಳಿಕೊಡುತ್ತಿದ್ದಾನೆ. ಗೊಣಗುತ್ತಾನೆ, ಆದರೆ ಹೊಸ ರಾಗ ಕಟ್ಟಿದ್ದಾನೆ. ಕೆಳಗೆ ಅಂಗಡಿ ರಜೆ, ಟೈರ್ ಬಡಿಯುವ ಸದ್ದಿಲ್ಲ, ಇವತ್ತೇ ರೆಕಾರ್ಡ್ ಮಾಡಬೇಕು. ಅಮ್ಮ ಮೂಲೆಯಲ್ಲಿ ಸ್ಟೂಲಿನ ಮೇಲೆ. ಕೆಮ್ಮು ಬಂದರೆ ಹೊರಗೆ ಹೋಗಬೇಕೆಂದು ಕರಾರು.

ಈಗಷ್ಟೇ ಗಾಳಿಯಣ್ಣನ ಫೋನ್. ಬೇರೆ ಕಂಪನಿಗೆ ಸೇರಿದ್ದಾನಂತೆ.

"ಹೊಸದೇನಾದ್ರೂ ಇದೆಯಾ ಮೇಡಂ? ಈ ಸಲ ಶುರು ಎಷ್ಟುದ್ದ?"

"ಇನ್ನೂ ಗೊತ್ತಿಲ್ಲ. ಅಮ್ಮನ ದನಿಯಿಂದ ಶುರು."

"ಅಮ್ಮ ಹಾಡ್ತಾರಾ?"

"ಇಲ್ಲ. ಇವತ್ತು ಮೊದಲನೇ ಸಲ."

ತಮ್ಮ ಬಾಗಿಲು ಹಾಕಿ ಬೆರಳು ಎತ್ತಿದ್ದಾನೆ. ಅಮ್ಮ ಸೆರಗು ಸರಿಮಾಡಿಕೊಂಡು ಎದ್ದು ನಿಂತಳು, ಉಸಿರು ತೆಗೆದುಕೊಂಡಳು. ಪೆನ್ನಿನ ಸದ್ದೂ ಬರಕೂಡದಂತೆ —